ಭರಣಿಯ ಕೆಳಗಿನ ಬಾಗಿಲು

ಆಗೆಲ್ಲ ಒಂದು ಕಥೆ ಮುಗಿಯಬೇಕಾದರೆ ಐದಾರು ತಿಂಗಳು ಹಿಡಿಯುತ್ತಿತ್ತು. ಪೇಪರಿನಲ್ಲಿ ದಿನಕ್ಕೆ ಮೂರೇ ಚಿತ್ರ. ಮೂರನೆಯ ಚಿತ್ರದಲ್ಲಿ ಯಾರಾದರೊಬ್ಬರು ಬಂಡೆಯ ಅಂಚಿನಿಂದ ಜೋತುಬೀಳಲೇಬೇಕು, ಮರುದಿನದವರೆಗೆ ನಾವೂ ಅವರ ಜೊತೆ ಜೋತುಬಿದ್ದಿರಬೇಕು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ, ಅಷ್ಟು ದಿನ ಯಾಕೆ ಕಾಯುತ್ತಿದ್ದಿರಿ ಎಂದು ಕೇಳುತ್ತಾರೆ. ಕಾಯದೆ ಇನ್ನೇನು ಮಾಡಬೇಕಿತ್ತು?

ಕಾಯುವುದಕ್ಕೆ ನನ್ನ ತಕರಾರಿರಲಿಲ್ಲ. ನನ್ನ ತಕರಾರು ಇದ್ದದ್ದು ನಮ್ಮ ಮನೆಯವರ ಮೇಲೆ.

ಐವತ್ತರ ದಶಕದ ನಡುವಿನ ಮಾತು. ವಡಾಲದ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ನಮ್ಮದು ಒಂದೂವರೆ ಖೋಲಿಯ ಮನೆ. ಅಪ್ಪ ಫೋರ್ಟಿನಲ್ಲಿ ಒಂದು ಬಟ್ಟೆ ಕಂಪನಿಯ ಆಫೀಸಿನಲ್ಲಿ ಕಾರಕೂನ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಪೇಪರನ್ನು ಮೊದಲು ಸಾಹೇಬರು ಓದಬೇಕು, ಆಮೇಲೆ ಹೆಡ್ ಕ್ಲಾರ್ಕು ಓದಬೇಕು. ಅವರಿಬ್ಬರೂ ಅದರ ಮೇಲೆ ಚಹದ ಕಪ್ಪಿನ ಗುರುತು ಮೂಡಿಸಿದ ಮೇಲೆ, ಮರುದಿನ ಸಂಜೆ ಅಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಲೋಕಲ್‌ನಲ್ಲಿ ತರುತ್ತಿದ್ದರು. ಹೀಗಾಗಿ ಇಡೀ ಮುಂಬಯಿಗೆ ಸೋಮವಾರ ಎದ್ದ ಬಿರುಗಾಳಿ ನಮ್ಮ ಮನೆಗೆ ಬರುವಾಗ ಮಂಗಳವಾರ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು.

ಬಿರುಗಾಳಿ ಎಂದರೆ ಪೇಪರಿನ ಕೊನೆಯ ಪುಟದ ಚಿತ್ರಕಥೆಯದು. ಅದರಲ್ಲಿ ಒಬ್ಬ ನಾವಿಕ, ಅವನ ಹತ್ತಿರ ಒಂದು ಮಂಗ. ಸಮುದ್ರದಲ್ಲಿ ಕಳೆದುಹೋದ ತಂಗಿಯನ್ನು ಹುಡುಕುತ್ತ ಇಬ್ಬರೂ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಿದ್ದರು. ನಾವಿಕನಿಗೆ ಏನೋ ನಾಲಗೆ ತಿರುಗದ ಇಂಗ್ಲಿಷ್ ಹೆಸರಿತ್ತು. ನಮ್ಮಜ್ಜ ಮೊದಲ ದಿನವೇ ಅದನ್ನು ತೆಗೆದುಹಾಕಿ 'ನಾಗಪ್ಪ' ಎಂದು ಇಟ್ಟುಬಿಟ್ಟರು.

ಅಜ್ಜ ಎಂದರೆ ಅವ್ವನ ತಂದೆ. ಧಾರವಾಡದಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದು ನಿವೃತ್ತರಾದವರು. ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ ಬಂದು, ಮುಂಬಯಿಯಲ್ಲಿ ಆಪರೇಶನ್ ಮಾಡಿಸೋಣವೆಂದು ಬಂದಿದ್ದರು. ಡಾಕ್ಟರು ನೋಡಿ, ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾಗುವವರೆಗೆ ಕಾಯಬೇಕು ಎಂದರು. ಆಗಿನ ಪದ್ಧತಿ ಹಾಗೆಯೇ ಇತ್ತು. ಅಜ್ಜ ನಮ್ಮ ಮನೆಯ ಕಿಟಕಿಯ ಕೆಳಗಿನ ಹಾಸಿಗೆಯಲ್ಲಿ ಕೂತು ಕಣ್ಣು ಹಣ್ಣಾಗುವುದನ್ನು ಕಾಯತೊಡಗಿದರು. ಬೆಳಕು, ನೆರಳು, ಬಾಗಿಲಲ್ಲಿ ಯಾರೋ ನಿಂತ ಆಕಾರ, ಇಷ್ಟೇ ಅವರಿಗೆ ಕಾಣುತ್ತಿದ್ದದ್ದು.

ನಾನು ಆಗ ಎಂಟನೆಯ ಇಯತ್ತೆ. ನಮಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಎಂಟನೆಯದರಲ್ಲಿ. ಅಕ್ಷರಗಳೆಲ್ಲ ಬರುತ್ತಿದ್ದವು, ಅರ್ಥ ಮಾತ್ರ ಒಂದೂ ಆಗುತ್ತಿರಲಿಲ್ಲ. ಹೀಗೆ ಕಣ್ಣು ನನ್ನದು, ಇಂಗ್ಲಿಷ್ ಅಜ್ಜನದು ಎಂದಾಯಿತು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಓದುವ ಹಾಗಿರಲಿಲ್ಲ.

ಇದನ್ನು ಕೇಳಿದವರು ಆಹಾ ಎಷ್ಟು ಚೆಂದ ಎನ್ನುತ್ತಾರೆ. ಅವರು ನಮ್ಮಜ್ಜನ ಪಕ್ಕದಲ್ಲಿ ಕೂತವರಲ್ಲ. ಮೂರು ಚಿತ್ರ ಓದುವುದಕ್ಕೆ ಒಂದು ತಾಸು ಬೇಕಾಗುತ್ತಿತ್ತು. ಮೊದಲು ಒಂದೊಂದೇ ಅಕ್ಷರ ಹೇಳಬೇಕು. ಅವರು ಶಬ್ದವನ್ನು ಉಚ್ಚರಿಸುತ್ತಾರೆ, ಅದನ್ನು ನಾನು ಮೂರು ಸಲ ಹೇಳಬೇಕು, ಆಮೇಲೆಯೇ ಅರ್ಥ. ಅಷ್ಟು ಹೊತ್ತು ನಾಗಪ್ಪ ಅಲ್ಲಿ ಮೊಸಳೆಯ ಬಾಯಲ್ಲಿ. ಅದು ಮುಗಿಯಿತೆಂದರೆ ಚಿತ್ರದ ವಿಚಾರಣೆ.

"ಮಂಗ್ಯಾ ಹಗ್ಗಾ ಯಾವ ಕೈಲೆ ಹಿಡದದ?"

"ಎಡಗೈಲೆ, ಅಜ್ಜಾ."

"ನಿನ್ನೆ ಬಲಗೈಲೆ ಅಂದಿದ್ದಿ."

"ನಿನ್ನೆ ಬಲಗೈಲೆನ ಹಿಡದಿತ್ತು."

"ನೀ ಸರಿಯಾಗಿ ನೋಡಿಲ್ಲ. ಇಲ್ಲಾ ಚಿತ್ರಾ ತಗದಾಂವಗ ಲಕ್ಷ್ಯಿಲ್ಲ. ಹಳೇ ಪೇಪರ್ ತಗಿ."

ಹಳೆಯ ಪೇಪರು ತೆಗೆದು ಪಂಚಾಯಿತಿ ನಡೆಸಿ, ತಪ್ಪು ಚಿತ್ರಕಾರನದೆಂದು ತೀರ್ಮಾನವಾದ ಮೇಲೆ ಕಥೆ ಮುಂದೆ ಹೋಗಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದರ ಮೇಲೆ, ಕೆಳಗಿನ ಉಡುಪಿ ಹೋಟೆಲಿನಲ್ಲಿ ಗ್ರಾಮಫೋನು ಹೊತ್ತುಗೊತ್ತಿಲ್ಲದೆ ಒಂದು ತಮಾಷೆಯ ಹಾಡನ್ನು ಕೂಗುತ್ತಿತ್ತು. 'ಟುಕುರು ಟುಕುರು ಟುಂ' ಎಂದು ಶುರುವಾಗಿ ಅಲ್ಲಿಗೇ ಮುಗಿಯುವ ಹಾಡು. ಚಾಳಿನ ಮಕ್ಕಳೆಲ್ಲ ನಲ್ಲಿಯ ಸಾಲಿನಲ್ಲಿ ಅದನ್ನೇ ಹಾಡುತ್ತಿದ್ದರು.

"ಇದಕ್ಕ ಅರ್ಥ ಏನ ನಲೂ?" ಅಜ್ಜ ನನ್ನನ್ನು ಕೇಳಿದರು.

"ಅರ್ಥ ಇಲ್ಲ, ಅಜ್ಜಾ."

"ಅರ್ಥ ಇಲ್ಲದ್ದನ್ನ ಇಷ್ಟು ಮಂದಿ ಹಾಡತಾರೇನು?" ಎಂದು ಬಹಳ ಹೊತ್ತು ಬೇಸರ ಮಾಡಿಕೊಂಡರು. ಎರಡು ದಿನದ ಮೇಲೆ ಧೋತರ ಉಡುತ್ತ ಅವರೇ ಅದನ್ನು ಗುನುಗುತ್ತಿದ್ದದ್ದು ಬೇರೆ ಮಾತು.

ದಸರೆ ಹತ್ತಿರ ಬಂದಿತು. ನಾಗಪ್ಪನ ಕಥೆಯೂ ಕೊನೆಗೆ ಬಂದಿತ್ತು. ಸಮುದ್ರದ ನಡುವೆ ಒಂದು ದೀಪಸ್ತಂಭ, ಅದರ ನೆತ್ತಿಯಲ್ಲಿ ಒಂದು ಖೋಲಿ. ಅಲ್ಲಿ ದಿನಾ ಯಾರೋ ದೀಪ ಹಚ್ಚುತ್ತಾರೆ, ಯಾರೆಂದು ಗೊತ್ತಿಲ್ಲ. ನಾಗಪ್ಪ ಮೆಟ್ಟಿಲು ಹತ್ತತೊಡಗಿದ್ದ. ಸರಿಯಾಗಿ ಆಗಲೇ ನನ್ನ ಪರೀಕ್ಷೆ ಬರಬೇಕೆ?

ಅಜ್ಜ ಫರ್ಮಾನು ಹೊರಡಿಸಿದರು. "ಪರೀಕ್ಷಾ ಮುಗಿಯೂತನಕಾ ನಾಗಪ್ಪ ಮೆಟ್ಟಲದಾಗ ಕೂಡಲಿ. ಮುಗದ ಮ್ಯಾಲೆ ಎಲ್ಲಾ ಕೂಡಿಸಿ ಓದೋಣು."

ನಾನು ಕದ್ದು ಓದಿಯೇನೆಂದು, ಬಂದ ಪೇಪರನ್ನೆಲ್ಲ ತಮ್ಮ ಹಾಸಿಗೆಯ ಕೆಳಗಿಟ್ಟು ಅದರ ಮೇಲೆಯೇ ಮಲಗಿದರು. ಕದ್ದು ಓದಿದರೂ ನನಗೆ ತಿಳಿಯುತ್ತಿರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಎಂಟು ದಿನ, ಎಂಟು ಪೇಪರು. ಆ ನಡುವೆ ಆಸ್ಪತ್ರೆಯಿಂದಲೂ ಕರೆ ಬಂತು. ಪೊರೆ ಹಣ್ಣಾಗಿದೆ, ದಸರೆ ಮುಗಿದ ಸೋಮವಾರ ಭರ್ತಿಯಾಗಿ ಎಂದರು. ಅಜ್ಜ ಅಂಜಿದ್ದರೆಂದು ನನಗೆ ಆಗ ತಿಳಿಯಲಿಲ್ಲ. ಒಂದೇ ಮಾತು ಅಂದರು. "ಅಲ್ಲಿ ಮಲಗೂದರಾಗ ಕಥಿ ಮುಗಿಸಿಬಿಡಬೇಕ ನೋಡು. ಅರ್ಧಾ ತಲಿಯೊಳಗ ಇಟಗೊಂಡು ಹೋಗೂದು ಬ್ಯಾಡ."

ಪರೀಕ್ಷೆಯ ಕೊನೆಯ ದಿನ ಅಮಾವಾಸ್ಯೆ. ಮರುದಿನ ನವರಾತ್ರಿಯ ಘಟಸ್ಥಾಪನೆ. ನಾನು ಶಾಲೆಯಿಂದ ಓಡಿ ಬಂದೆ. ಮನೆಯೆಲ್ಲ ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆಯ ಹುಳಿವಾಸನೆ. ಅವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಕೈಯಲ್ಲಿ ಕತ್ತರಿ, ಸುತ್ತಲೂ ಕಾಗದದ ಚೂರು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನವರಾತ್ರಿಗೆ ಮುಂಚೆ ಅಡಿಗೆಮನೆಯ ಫಳಿಗಳಿಗೆಲ್ಲ, ಅಂದರೆ ಪಾತ್ರೆ ಜೋಡಿಸುವ ಹಲಗೆಗಳಿಗೆ, ಹೊಸ ಕಾಗದ ಹಾಸುತ್ತಿದ್ದರು. ಮುಂದಿನ ಅಂಚಿಗೆ ಪೇಪರನ್ನು ಎಂಟು ಮಡಿಕೆ ಮಡಿಸಿ ಕತ್ತರಿಸಿ ಝಾಲರಿ ಇಳಿಬಿಡಬೇಕು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಮೊದಲು ನೋಡುವುದು ಫಳಿಯನ್ನು, ಆಮೇಲೆ ದೇವರನ್ನು. ಅವ್ವನ ಝಾಲರಿ ಚಾಳಿಗೆಲ್ಲ ಪ್ರಸಿದ್ಧ. ಮಾವಿನೆಲೆ, ಶಂಖ, ಜೋಡಿ ಆನೆ ಏನು ಬೇಕಾದರೂ ಅವಳ ಕತ್ತರಿಯಿಂದ ಇಳಿಯುತ್ತಿತ್ತು. ಚಿತ್ರವಿದ್ದ ಪುಟ ಝಾಲರಿಗೆ ಚೆಂದ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಅಜ್ಜ ಸ್ನಾನಕ್ಕೆ ಹೋದಾಗ ಹಾಸಿಗೆಯ ಕೆಳಗಿನದನ್ನೆಲ್ಲ ಎಳೆದಿದ್ದಳು. ನಮ್ಮ ಮನೆಗೆ, ನೆರೆಯವರಿಗೆ ಎಲ್ಲ ಹಂಚಿಯೂ ಆಗಿತ್ತು.

ನಾನು ಅಲ್ಲಿಯೇ ಕೂತು ಅತ್ತೆ.

"ಹಳೇ ಪೇಪರ್ ಅಲ್ಲೇನ ಅವು?" ಎಂದಳು ಅವ್ವ. "ಓದೂದಿದ್ರ ಅವತ್ತವತ್ತ ಓದಬೇಕಿತ್ತು."

ಇಡೀ ಪ್ರಕರಣದಲ್ಲಿ ಯಾರಾದರೂ ಸರಿಯಾದ ಮಾತು ಆಡಿದ್ದರೆ ಅದು ಇದೊಂದೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಜ್ಜ ಮಾತ್ರ ಖಾಲಿ ಹಾಸಿಗೆಯ ಕೆಳಗೆ ಕೈ ಆಡಿಸಿ ನೋಡಿ, "ಕತ್ತರಿಸಿದ್ದು ಎಲ್ಲೂ ಹೋಗಿಲ್ಲಲಾ? ಫಳಿ ಮ್ಯಾಲೆ ಅದ. ಹೋಗಿ ಓದಿಕೊಂಡು ಬಾ," ಎಂದರು.

ನವರಾತ್ರಿಯಲ್ಲಿ ಮನೆಮನೆಗೆ ಹೋಗಿ ಕುಂಕುಮಕ್ಕೆ ಕರೆಯುವ ಕೆಲಸ ಹೆಣ್ಣುಮಕ್ಕಳದು. ಆ ವರ್ಷ ನಾನು ಕರೆದಷ್ಟು ಶ್ರದ್ಧೆಯಿಂದ ಯಾರೂ ಕರೆದಿರಲಾರರು. ಕುಂಕುಮದ ಭರಣಿ ಕೈಯಲ್ಲಿ ಹಿಡಿದು ಒಳಗೆ ಹೋಗುವುದು, ಕಣ್ಣು ಫಳಿಯ ಮೇಲೆ. ನಾಗಪ್ಪ ಒಂದು ಮನೆಯಲ್ಲಿ ಹಿತ್ತಾಳೆ ಡಬ್ಬಿಗಳ ಕೆಳಗೆ ಮೆಟ್ಟಿಲು ಹತ್ತುತ್ತಿದ್ದ. ಇನ್ನೊಂದು ಮನೆಯಲ್ಲಿ ಅವನ ತಲೆ ಆನೆಯ ಸೊಂಡಿಲಿಗೆ ಹೋಗಿತ್ತು. ಮೂಲೆಮನೆಯ ವಾರಿಜಕ್ಕನಲ್ಲಿ ಅವನು ತಲೆಕೆಳಗಾಗಿ ತೂಗುತ್ತಿದ್ದ. ವಾರಿಜಕ್ಕ ಉಡುಪಿಯ ಕಡೆಯವರು. ಅವರ ಗಂಡ ಕೆಳಗಿನ ಹೋಟೆಲಿನಲ್ಲಿ ಭಟ್ಟರು.

ನಾನು ಕುತ್ತಿಗೆ ಓರೆ ಮಾಡಿ, ಬಾಯಲ್ಲಿ ಅಕ್ಷರ ಉರು ಹೊಡೆಯುತ್ತ ನಿಂತದ್ದನ್ನು ನೋಡಿ ವಾರಿಜಕ್ಕ ಗಾಬರಿಯಾದರು. "ಎಂತ ಆಯ್ತು ಮಾರಾಯ್ತಿ? ಕುತ್ತಿಗೆ ಉಳುಕಿದ್ದಾ?"

"ಇಲ್ಲ, ಝಾಲರಿ ನೋಡ್ತೀನಿ."

"ನಿನ್ನ ಅಮ್ಮನೇ ಮಾಡಿದ್ದಲ್ವಾ ಅದು? ಮನೆಯಲ್ಲಿ ನೋಡ್ಲಿಕ್ಕೆ ಸಿಕ್ಕುದಿಲ್ವಾ?" ಎಂದು ಕೈಗೆ ಒಂದು ಮುಷ್ಟಿ ಕಡಲೆ ಉಸುಳಿ ಹಾಕಿದರು. ಆ ವಾರ ನಾನು ತಿಂದ ಉಸುಳಿಗೆ ಲೆಕ್ಕವಿಲ್ಲ. ಉಸುಳಿ ಅಗಿಯುತ್ತ ಇಂಗ್ಲಿಷ್ ಅಕ್ಷರ ನೆನಪಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿದವರಿಗೇ ಗೊತ್ತು. ಬಾಗಿಲು ದಾಟುವಷ್ಟರಲ್ಲಿ ಎರಡು ಅಕ್ಷರ ಬಿದ್ದುಹೋಗಿರುತ್ತಿದ್ದವು. ಅಜ್ಜ ಮತ್ತೆ ಓಡಿಸುತ್ತಿದ್ದರು.

ಅಂತೂ ಏಳು ದಿನದ ಕಥೆ ಸಿಕ್ಕಿತು. ನಾಗಪ್ಪ ಮೇಲಿನ ಖೋಲಿಯ ಬಾಗಿಲಿಗೆ ಕೈ ಹಚ್ಚಿ ನಿಂತಿದ್ದ. ಕೆಳಗೆ ಸಣ್ಣ ಅಕ್ಷರ. ಅಜ್ಜ ಅರ್ಥ ಹೇಳಿದರು. "ನಾಳೆ ಕೊನೆಯ ಕಂತು." ಅಪ್ಪ ತಂದ ಹೊಸ ಪೇಪರುಗಳಲ್ಲಿ ಆಗಲೇ ಬೇರೆ ಯಾವುದೋ ಕಥೆ ಶುರುವಾಗಿತ್ತು. ಹಳೆಯದು ಮುಗಿಯದೆ ಹೊಸದು ಬೇಡವೆಂದು ಅಜ್ಜ ಅದನ್ನು ಮುಟ್ಟಗೊಡಲಿಲ್ಲ.

ಕೊನೆಯ ಪೇಪರು ಎಲ್ಲಿ ಎಂದು ಅವ್ವನನ್ನು ಕೇಳಿದೆ. ಅವಳು ಯೋಚಿಸಿ, "ಗೋದಜ್ಜಿಗೆ ಹಾಸಲಿಕ್ಕೆ ಕೊಟ್ಟೆ. ಅವರಿಗೆ ಝಾಲರಿ ಬ್ಯಾಡಂತ, ಇಡೀ ಹಾಳೀನ ಬೇಕಂತ," ಎಂದಳು.

ಗೋದಜ್ಜಿ ವಿಜಾಪುರದ ಕಡೆಯ ಮುದುಕಿ. ನಮ್ಮ ಸಾಲಿನ ಕೊನೆಯ ಖೋಲಿ ಅವರ ಮಗನದು, ಅಡಿಗೆಮನೆ ಮಾತ್ರ ಅವರದೇ. ಅಲ್ಲಿ ಸೊಸೆಯೂ ಹಸಿಸೀರೆ ಉಟ್ಟು ಕಾಲಿಡಬೇಕು, ಅಷ್ಟು ಮಡಿ. ನಾನು ಹೊಸ್ತಿಲ ಹೊರಗೆ ನಿಂತು ನೋಡಿದೆ. ಕೆಳಗಿನ ಫಳಿಯ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ಐದು ವರ್ಷದ ಮಗುವಿನಷ್ಟು ಎತ್ತರದ್ದು. ಅದರ ಕೆಳಗೆ ನನ್ನ ಪೇಪರು. ಅಂಚಿನಲ್ಲಿ ಬಾಗಿಲಿನ ಒಂದು ಮೂಲೆ, ಹೊಸ್ತಿಲು, ಹೊಸ್ತಿಲ ಮೇಲೆ ಮಂಗನ ಬಾಲ, ಅಷ್ಟೇ ಕಾಣುತ್ತಿತ್ತು. ಬಾಗಿಲ ಹಿಂದೆ ಯಾರಿದ್ದರೋ ಅವರ ಮೇಲೆ ಭರಣಿ ಕೂತಿತ್ತು.

"ಅಜ್ಜಿ, ಆ ಭರಣಿ ಒಂದೀಟು ಸರಸತೀರೇನು?"

"ಯಾಕ?"

"ಅದರ ಕೆಳಗ ನಂದೊಂದು ಚಿತ್ರಾ ಅದ."

ಗೋದಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಒಮ್ಮೆ ಇಟ್ಟ ಭರಣಿ ವೈಶಾಖದಾಗ ಹೊಸಾ ಉಪ್ಪಿನಕಾಯಿ ಹಾಕೂ ಮುಂದನ ಏಳೂದು. ವೈಶಾಖಕ್ಕ ಬಾ."

"ಸ್ನಾನ ಮಾಡಿ ಬರತೀನಿ. ನಾನ ಸರಸತೀನಿ."

"ಸಾಲಿ ಹುಡಿಗಿ ಮುಟ್ಟಿದ್ರ ಉಪ್ಪಿನಕಾಯಿ ಬುರುಸು ಬಂದು ಕೆಡತದ. ನಡಿ."

ಸಾಹೇಬರು, ಹೆಡ್ ಕ್ಲಾರ್ಕು, ಲೋಕಲಿನ ಜನಜಂಗುಳಿ ಎಲ್ಲರ ಕೈ ಮೈ ತಾಗಿ ಬಂದ ಪೇಪರಿಗೆ ಮೈಲಿಗೆಯಿಲ್ಲ, ನನ್ನ ಕೈಗೆ ಮಾತ್ರ ಇದೆ. ಈ ವಾದವನ್ನು ನಾನು ಅಂದು ಮನಸ್ಸಿನಲ್ಲಿಯೇ ಮಾಡಿದೆ. ಎದುರಿಗೆ ಮಾಡಿದ್ದರೆ ಅವ್ವ ನನ್ನ ಬೆನ್ನಿನ ಮೇಲೆ ಝಾಲರಿ ತೆಗೆಯುತ್ತಿದ್ದಳು. ಮತ್ತೆ ಎರಡು ಸಲ ಹೋದೆ, ಎರಡು ಸಲವೂ ಬಾಗಿಲಿನಿಂದಲೇ ಹೊರಗೆ ಹಾಕಿದರು.

ಭಾನುವಾರ ಮಧ್ಯಾಹ್ನ ಅಜ್ಜನ ಚೀಲ ಸಿದ್ಧವಾಯಿತು. ಎರಡು ಧೋತರ, ತಂಬಿಗೆ, ಜಪದ ಮಣಿ. ಅಜ್ಜ ಹಾಸಿಗೆಯ ಅಂಚಿಗೆ ಕೂತು ನನ್ನ ಆಕಾರವನ್ನು ಗುರುತಿಸಿ ಕರೆದರು.

"ನಲೂ, ಗೋದೂಬಾಯಿ ಮನ್ಯಾಗ ಸಿಕ್ತೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಅಜ್ಜನ ಎರಡೂ ಕೈ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದವು.

"ಸಿಕ್ತು, ಅಜ್ಜಾ."

"ಹಂಗಾರ ಹೇಳು. ಅಕ್ಷರಾ ಹೇಳು ಮೊದಲ."

"ಅಕ್ಷರಾ ಇಲ್ಲ, ಅಜ್ಜಾ. ಬರೇ ಚಿತ್ರಾ." ಸುಳ್ಳು ಹೇಳಿದರೂ ಸ್ಪೆಲಿಂಗಿನಿಂದ ತಪ್ಪಿಸಿಕೊಳ್ಳುವಷ್ಟು ಬುದ್ಧಿ ನನಗಿತ್ತು. "ಬಾಗಿಲಾ ತೆರೀತು. ಒಳಗ ಅವನ ತಂಗಿ ಇದ್ಲು. ದಿನಾ ದೀಪಾ ಹಚ್ಚತಿದ್ದಾಕಿ ಆಕೀನ. ಅಣ್ಣಗ ದಾರಿ ಕಾಣಲಿ ಅಂತ."

ಅಜ್ಜ ಕೇಳಿದರು, "ಮಂಗ್ಯಾ ಎಲ್ಲಿತ್ತು?"

ಮಂಗನನ್ನು ನಾನು ಮರೆತೇ ಬಿಟ್ಟಿದ್ದೆ. "ಹೊಸ್ತಿಲ ಮ್ಯಾಲೆ," ಎಂದೆ. ಇಡೀ ಕಥೆಯಲ್ಲಿ ಆ ಬಾಲವೊಂದೇ ನಿಜ, ಉಳಿದದ್ದೆಲ್ಲ ನನ್ನದು.

"ಛಲೋ ಆತು," ಎಂದರು ಅಜ್ಜ. ಚೀಲದ ಹಿಡಿಕೆ ಬಿಟ್ಟರು.

ಆಗಿನ ಆಪರೇಶನ್ ಎಂದರೆ ಸಣ್ಣ ಕೆಲಸವಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಅತ್ತ ಇತ್ತ ಮರಳಿನ ಚೀಲ ಇಟ್ಟು, ಹತ್ತು ದಿನ ಅಲುಗಾಡಬೇಡಿ ಎನ್ನುತ್ತಿದ್ದರು. ನಾವು ನೋಡಲು ಹೋದಾಗ ಅಜ್ಜ ಕಟ್ಟಿಗೆಯಂತೆ ಮಲಗಿ 'ಟುಕುರು ಟುಕುರು ಟುಂ' ಗುನುಗುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಒಂದೂವರೆ ತಿಂಗಳಿಗೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅಜ್ಜ ನನ್ನ ಮುಖ ನೋಡಿದರು, ಅವ್ವನ ಮುಖ ನೋಡಿದರು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಗಟ ಉಟ್ಟು, ಅಂದರೆ ಪೂಜೆಯ ಮಡಿಯ ರೇಶ್ಮೆಪಂಚೆ ಉಟ್ಟು, "ಗೋದೂಬಾಯಿ ಮನಿಗೆ ಹೋಗಿ ಬರತೇನಿ," ಎಂದರು.

ಮಡಿ ಉಟ್ಟು ಕಾರ್ಟೂನ್ ಓದಲು ಹೋದ ಮನುಷ್ಯ ಭೂಮಿಯ ಮೇಲೆ ನಮ್ಮಜ್ಜ ಒಬ್ಬರೇ ಇರಬೇಕು. ಅವ್ವ ಕೈ ಹಿಡಿದು ಕರೆದುಕೊಂಡು ಹೋದಳು. ನಾನು ಮನೆಯಲ್ಲಿ ಕಂಬದ ಹಾಗೆ ನಿಂತೆ. ನನಗೆ ವೈಶಾಖ ತೋರಿಸಿದ ಗೋದಜ್ಜಿ, ಮಾಸ್ತರರು ಮಡಿಯಲ್ಲಿ ಬಂದರೆಂದು ತಾವೇ ಭರಣಿ ಸರಿಸಿಕೊಟ್ಟರಂತೆ. ಈ ಅನ್ಯಾಯಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಆ ಹೊತ್ತಿನಲ್ಲಿ ಸಿಟ್ಟಿಗೆ ಪುರಸೊತ್ತಿರಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ನನ್ನ ಸುಳ್ಳು ಬಯಲಿಗೆ ಬೀಳುತ್ತದೆ.

ಅಜ್ಜ ತಿರುಗಿ ಬಂದರು. ಹಾಸಿಗೆಯ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದರು.

"ನೀ ಹೇಳಿದ್ದ ಬರೋಬ್ಬರಿ ಇತ್ತು, ನಲೂ. ತಂಗೀನ ಇದ್ಲು."

ನಾನು ಬೆರಗಾದೆ. ಕಣ್ಣುಮುಚ್ಚಿ ಹೇಳಿದ್ದು ಸರಿಯಾಗಿಯೇ ಬಿದ್ದಿತ್ತು. ಎಷ್ಟೋ ವರ್ಷ ಆ ಹೆಮ್ಮೆ ನನ್ನಲ್ಲಿತ್ತು. ಅಜ್ಜ ಧಾರವಾಡಕ್ಕೆ ತಿರುಗಿ ಹೋಗಿ, ತಾವೇ ಪೇಪರು ಓದಿಕೊಂಡು ಬಹಳ ವರ್ಷ ಇದ್ದರು, ಕೊನೆಗೆ ಹೋದರು. ನನ್ನ ಮದುವೆಯಾಗಿ ಕಾಂದಿವಲಿಯಲ್ಲಿ ಮನೆ ಹಿಡಿದೆವು. ಹೊಸ ಅಡಿಗೆಮನೆಯ ಫಳಿಗೆ ಕಾಗದ ಹಾಸಲು ಅವ್ವ ಬಂದಳು, ಅದೇ ಕತ್ತರಿ. ಕತ್ತರಿ ನೋಡಿದ್ದೇ ನನಗೆ ಹಳೆಯದು ನೆನಪಾಯಿತು. ತಂಗಿಯೇ ಇದ್ದಾಳೆಂದು ನಾನು ನೋಡದೆಯೇ ಹೇಗೆ ಹೇಳಿದೆ ನೋಡು ಎಂದು ಜಂಬ ಕೊಚ್ಚಿದೆ.

ಅವ್ವ ಕತ್ತರಿ ಕೆಳಗಿಟ್ಟಳು. "ಏನ ತಂಗಿ? ಆ ಪೇಪರ್ ಅಷ್ಟರಾಗ ಎಣ್ಣಿ ಕುಡದು ಕರ್ರಗಾಗಿತ್ತು. ಒಂದು ಅಕ್ಷರಾ, ಒಂದು ಗೆರಿ ಕಾಣತಿದ್ದಿಲ್ಲ. ನಿಮ್ಮಜ್ಜಾ ಬಿಸಲಿಗೆ ಹಿಡದು ನೋಡಿದ್ರು, ತಿರುವಿ ಹಾಕಿ ನೋಡಿದ್ರು. ನಿಮ್ಮ ಹುಡಿಗಿ ಮೂರು ಸಲಾ ಬಂದಿತ್ರಿ, ನಾ ಭರಣಿ ಮುಟ್ಟಗೊಡಲಿಲ್ಲ ಅಂತ ಗೋದಜ್ಜಿ ಅಂದ್ರು."

ನಾನು ಕೇಳಿದೆ, "ಹಂಗಾರ ಅಜ್ಜಗ ಗೊತ್ತಿತ್ತು?"

"ಗೊತ್ತಿತ್ತು. ಆಕೀಗ ಹೇಳಬ್ಯಾಡ ಅಂದ್ರು. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದಾಗ ಹತ್ತು ದಿವಸ ಆ ದೀಪಾನ ನೋಡಕೋತ ಮಲಗಿದ್ದೆ ಅಂದ್ರು." ಅವ್ವ ಮತ್ತೆ ಕತ್ತರಿ ಎತ್ತಿಕೊಂಡಳು.

ನಾನು ಅಜ್ಜನಿಗೆ ಹೇಳಿದ್ದು ಸುಳ್ಳು, ಅಜ್ಜ ನನಗೆ ಹೇಳಿದ್ದು ಸುಳ್ಳು. ಆ ಬಾಗಿಲ ಹಿಂದೆ ನಿಜಕ್ಕೂ ಯಾರಿದ್ದರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಐದು ತಿಂಗಳು ಎಡಗೈ ಬಲಗೈ ಎಂದು ನನ್ನ ಜೀವ ತಿಂದ ಮನುಷ್ಯ, ಕೊನೆಯ ಕಂತಿಗೆ ಮಾತ್ರ ಮಂಗ ಎಲ್ಲಿತ್ತು ಎಂದಷ್ಟೇ ಕೇಳಿ ಬಿಟ್ಟುಬಿಟ್ಟರು. ಅಂದು ಅಡಿಗೆಮನೆಯಲ್ಲಿ ನಾನು ಎರಡನೆಯ ಸಲ ಅತ್ತೆ, ಈ ಸಲವೂ ಅವ್ವನ ಕಾಗದದ ಚೂರುಗಳ ನಡುವೆಯೇ.

ಕಳೆದ ತಿಂಗಳು ನನ್ನ ಕಣ್ಣಿನ ಪೊರೆಯನ್ನೂ ತೆಗೆದರು. ಈಗ ಅದು ಹಣ್ಣಾಗುವವರೆಗೆ ಯಾರೂ ಕಾಯುವುದಿಲ್ಲ. ಅರ್ಧ ತಾಸಿನ ಕೆಲಸ, ಊಟದ ಹೊತ್ತಿಗೆ ಮನೆಗೆ ಬಂದೆ. ಒಂದೆರಡು ದಿನ ಕಣ್ಣಿಗೆ ಆಯಾಸ ಬೇಡ ಎಂದಿದ್ದರು. ಮೊಮ್ಮಗ ಬಂದು ಪಕ್ಕದಲ್ಲಿ ಕೂತ, ಕೈಯಲ್ಲಿ ಮೊಬೈಲು.

"ಅಜ್ಜಿ, ಬೋರ್ ಆಗ್ತದಾ? ಕುಛ್ ಲಗಾ ದೂಂ?"

ಮೊಬೈಲಿನಲ್ಲಿ ಏನೂ ಹಚ್ಚುವುದು ಬೇಡ, ನಾನೇ ಒಂದು ಕಥೆ ಹೇಳುತ್ತೇನೆ ಎಂದು ನಾಗಪ್ಪನದನ್ನು ಹೇಳಿದೆ. ದೀಪಸ್ತಂಭ, ಮೆಟ್ಟಿಲು, ಬಾಗಿಲು. ಬಾಗಿಲಿಗೆ ಕೈ ಹಚ್ಚಿದಲ್ಲಿಗೆ ನಿಲ್ಲಿಸಿದೆ.

"ಫಿರ್? ಒಳಗೆ ಯಾರು ಇತ್ತು?"

"ಗೊತ್ತಿಲ್ಲಪ್ಪ. ನೀನೇ ಹೇಳು, ಯಾರಿದ್ದಿರಬಹುದು?"

ಅವನು ಮೊಬೈಲು ಎತ್ತಿದ. "ಕಾರ್ಟೂನ್ ಹೆಸರು ಏನು?"

ನಾಗಪ್ಪ ಎಂದರೆ ಸಿಗುವುದೇ? ನಿಜವಾದ ಹೆಸರು ಅಜ್ಜ ಮೊದಲ ದಿನವೇ ತೆಗೆದುಹಾಕಿದ್ದರು. ಅವನು ನಾವಿಕ, ಮಂಗ, ದೀಪಸ್ತಂಭ ಎಂದು ಏನೇನೋ ಒತ್ತಿ ನೋಡಿದ. ನಾನು ಕಣ್ಣು ಮುಚ್ಚಿಕೊಂಡು ಕಾದೆ. ತಂಗಿ ಇದ್ದಳೆನ್ನಲಿ, ಕಳ್ಳನಿದ್ದನೆನ್ನಲಿ, ಯಾರನ್ನಾದರೂ ಆ ಖೋಲಿಯಲ್ಲಿ ಕೂಡಿಸಲಿ, ಮಂಗ ಎಲ್ಲಿತ್ತು ಎಂದು ನಾನು ಕೇಳುತ್ತೇನೆ ಎಂದು ಕಾದೆ.

"ಸಾರಿ ಅಜ್ಜಿ, ನೈ ಮಿಲಾ. ಸಿಗ್ಲಿಲ್ಲ," ಎಂದು ಹೇಳಿ ಅವನು ಎದ್ದುಹೋದ. ಒಳ್ಳೆಯ ಹುಡುಗ, ನಿಜವನ್ನೇ ಹೇಳಿದ.